ಅಮ್ಮನಂಥವರನ್ನು ಹುಡುಕುತ್ತಿದ್ದ ಡಾಕ್ಟರು

ಐವತ್ತರ ದಶಕದಲ್ಲಿ ಮಾಟುಂಗದ ನಮ್ಮ ಚಾಳಿನಲ್ಲಿ ಧಾರವಾಡದ ಕಡೆಯ ಡಾಕ್ಟರೊಬ್ಬರಿದ್ದರು. ಪರೇಲಿನ ದವಾಖಾನೆಯಲ್ಲಿ ಕ್ಷಯಕ್ಕೆ ಹೊಸ ಇಂಜೆಕ್ಷನ್ ಕೊಡುತ್ತಿದ್ದರು. ಗುಣವಾದವರನ್ನು ತೋರಿಸಿ ಯಾರಾದರೂ ಔಷಧವನ್ನು ಹೊಗಳಿದರೆ ಸಾಕು, ಕನ್ನಡಕವನ್ನು ಹಣೆಗೇರಿಸಿ, "ಇವರಂಥಾವರು ಇನ್ನೊಬ್ಬರು ಎಲ್ಲಿದಾರ?" ಎನ್ನುತ್ತಿದ್ದರು.

ಅವರ ಇಂಜೆಕ್ಷನ್ ತಗೊಂಡು ತನ್ನ ಕ್ಷಯ ವಾಸಿಯಾದ ಮೇಲೆ ಅಮ್ಮ ಬಾಳೆಹಣ್ಣು ಹಿಡಿದು ಅವರ ಬಾಗಿಲಿಗೆ ಹೋದಳು. "ನಿಮ್ಮ ಇಂಜೆಕ್ಷನ್ನಿಂದ ಬದುಕಿದೆ ಡಾಕ್ಟ್ರೇ."

"ಛಲೋ ಆತು ತಾಯಿ. ಆದ್ರ ನನ್ನ ಕಡೆ ಬರೋರೆಲ್ಲಾ ದಿನಾ ನಡೆದು ಬರೂವಷ್ಟು ಗಟ್ಟಿ ಇದ್ದವರು. ಔಷಧ ಇಲ್ಲದನೂ ಆರಾಮ ಆಗತಿದ್ರೋ ಏನೋ. ನಿಮ್ಮಂಥದ ಜಡ್ಡು, ನಿಮ್ಮಷ್ಟ ಗಟ್ಟಿ, ಸೂಜಿ ಮಾತ್ರ ತಗೊಂಡಿಲ್ಲ, ಅಂಥಾಕಿ ಒಬ್ಬಾಕಿ ಸಿಗಬೇಕು. ಆಗ ಗುಣ ಮಾಡಿದ್ದು ಸೂಜಿಯೋ ನಿಮ್ಮ ಗಟ್ಟಿ ಮೈಯೋ ಗೊತ್ತಾಗತದ."

ಅಮ್ಮ ಮುನಿಸಿಕೊಂಡೇ ಹಿಂದಿರುಗಿದಳು.

ಆಮೇಲೆ ಒಂದು ಸಂಜೆ ಪರೇಲ್ ಸ್ಟೇಷನ್ನಿನಲ್ಲಿ ಅವರನ್ನು ಕಂಡೆ. ಗಿರಣಿಯ ಹೊಗೆ ಬಿಸಿಲನ್ನು ಹಳದಿ ಮಾಡಿತ್ತು. ಅದರೊಳಗೆ ತೇಲಿಹೋಗುವ ಲೋಕಲ್‌ನ ಹೆಂಗಸರ ಡಬ್ಬಿಯನ್ನೇ ಅವರು ನೋಡುತ್ತಿದ್ದರು.

"ಸಿಕ್ಕಿದ್ರಾ ಡಾಕ್ಟ್ರೇ?"

ಅವರು ಕನ್ನಡಕ ಇಳಿಸಿದರು. "ಇಲ್ಲಪಾ. ನಿಮ್ಮ ತಾಯಿಯಂಥಾಕಿ ಇನ್ನೊಬ್ಬಾಕಿ ಎಲ್ಲೂ ಇಲ್ಲ."

ಅಮ್ಮ ಹೋಗಿ ಈಗ ಎಷ್ಟೋ ಕಾಲವಾಯಿತು. ಎದುರಿನ ಹಳಿಯಲ್ಲಿ ಲೋಕಲ್ ನಿಧಾನವಾದಾಗಲೆಲ್ಲ ನಾನೂ ಕಿಟಕಿ ಕಿಟಕಿಯನ್ನೂ ನೋಡುತ್ತೇನೆ.