ರಜನಿ ಮಿಸ್ ಇಟ್ಟ ಐಸು

ಸೊರಬದ ಪ್ರೌಢಶಾಲೆಯೊಂದರಲ್ಲಿ ರಜನಿ ವಿಜ್ಞಾನ ಕಲಿಸುತ್ತಾರೆ. ಪ್ರಯೋಗ ಕೆಟ್ಟಿತೆಂದು ಮಕ್ಕಳನ್ನು ಬೈದವರಲ್ಲ. ಎಲ್ಲಿ ತಪ್ಪಿತು ಎಂದು ಅವರಿಂದಲೇ ಹೇಳಿಸುವವರು.

ಶಾಲೆಗೆ ರೋಬೋಟ್ ಕಿಟ್ ಬಂದಾಗ ತಂಡ ಕಟ್ಟಿದವರೂ ಅವರೇ. ಓಡಿಸುವುದು ಲೋಕೇಶನ ಕೆಲಸ. ಮೋಟರ್ ನೋಡಿಕೊಳ್ಳುವುದು ಚಂದ್ರಗುತ್ತಿಯಿಂದ ಬಸ್ಸಿನಲ್ಲಿ ಬರುವ ಒಂಬತ್ತನೇ ತರಗತಿಯ ನಾಗಶ್ರೀಯದು.

ಸ್ಪರ್ಧೆ ಶಿಕಾರಿಪುರದ ಕಾಲೇಜೊಂದರಲ್ಲಿ. ರೋಬೋಟ್ ಮರದ ತುಂಡುಗಳನ್ನು ತಳ್ಳಿಕೊಂಡು ಏರು ಹತ್ತಬೇಕು. ಹತ್ತುವಾಗ ಮೋಟರ್ ಕಾಯುತ್ತದೆ. ಕಾದ ಮೋಟರಿಗೆ ಎಳೆಯುವ ಶಕ್ತಿ ಇರುವುದಿಲ್ಲ. ಹಾಗಾಗಿ ಪ್ರತಿ ಸುತ್ತಿನ ನಂತರ ನಾಗಶ್ರೀ ಸ್ಟೀಲ್ ಡಬ್ಬಿಗೆ ಐಸ್ ತುಂಬಿ, ಹೊರಮೈ ಒರೆಸಿ, ಮೋಟರಿಗೆ ಒತ್ತಿ ಹಿಡಿಯುತ್ತಿದ್ದಳು. ಡಬ್ಬಿ ಬೆವರಿದರೆ ತೆಗೆದು ಮತ್ತೆ ಒರೆಸುವಳು. ಕೆಳಗೇ ಸರ್ಕ್ಯೂಟ್ ಬೋರ್ಡ್ ಇದೆ, ಒಂದು ಹನಿಯೂ ಬೀಳಬಾರದು ಎಂದು ಹೇಳಿಕೊಟ್ಟವರು ರಜನಿಯೇ.

ಸೆಮಿಫೈನಲ್ಲಿಗೆ ಮುಂಚೆ ಒರೆಸುವ ಬಟ್ಟೆ ಒದ್ದೆಯಾಯಿತೆಂದು ನಾಗಶ್ರೀ ಬೇರೆ ಒಣಬಟ್ಟೆ ತರಲು ಹೋದಳು. ಅಷ್ಟರಲ್ಲಿ ಮೈಕಿನಲ್ಲಿ ತಂಡದ ಹೆಸರು ಕೂಗಿದರು. ಲೋಕೇಶನೂ ಉಳಿದವರೂ ಹೆಸರು ಬರೆಸಲು ಓಡಿದರು. ರಜನಿ ಮೋಟರ್ ಮುಟ್ಟಿ ನೋಡಿದರು. ಇನ್ನೂ ಕೈ ಸುಡುತ್ತಿತ್ತು. ಗೆಲ್ಲುವ ಆಸೆ ಮಕ್ಕಳಿಗಿಂತ ಅವರಿಗೇ ಹೆಚ್ಚಿತ್ತೋ ಏನೋ. ಡಬ್ಬಿಯಿಂದ ಒಂದು ಹಿಡಿ ಐಸ್ ತೆಗೆದು, ಕರ್ಚೀಫಿನಲ್ಲಿ ಸುತ್ತಿ, ನೇರ ಮೋಟರಿನ ಮೇಲಿಟ್ಟರು. ನೀರು ಜಿನುಗಿತು. ಕಂಡಷ್ಟನ್ನು ಒರೆಸಿದರು. ನಾಗಶ್ರೀ ಓಡಿಬರುವಾಗ ಲೋಕೇಶ ರೋಬೋಟ್ ಎತ್ತಿಕೊಂಡು ಹೊರಟಾಗಿತ್ತು.

ಏರಿನ ನಡುವೆ ರೋಬೋಟ್ ನಿಂತಿತು. ಸುಟ್ಟ ವಾಸನೆ ಬಂತು. ತೀರ್ಪುಗಾರರು ಮುಚ್ಚಳ ಬಿಚ್ಚಿ ನೋಡಿ, ಬೋರ್ಡಿಗೆ ನೀರಿಳಿದಿದೆ, ಐಸ್ ಇಟ್ಟವರು ಯಾರು ಎಂದು ಕೇಳಿದರು. ಎಲ್ಲರೂ ನಾಗಶ್ರೀಯತ್ತ ತಿರುಗಿದರು. ಅವಳು ತನ್ನ ಕೈ ನೋಡಿಕೊಂಡಳು.

"ನಾನೇ ಸಾರ್," ಎಂದಳು.

ರಜನಿ ಆಗಲೇ ಬಾಯಿಬಿಡಬೇಕಿತ್ತು. ಅದರ ಬದಲು ಹುಡುಗಿಯ ಭುಜದ ಮೇಲೆ ಕೈಯಿಟ್ಟು, "ಪರವಾಗಿಲ್ಲ ಬಿಡು, ಎಲ್ರಿಂದ್ಲೂ ತಪ್ಪಾಗುತ್ತೆ," ಎಂದರು. ತಮ್ಮ ತಪ್ಪಿಗೆ ಅವಳನ್ನು ಕ್ಷಮಿಸಿದ್ದರು. ಸುತ್ತ ನಿಂತವರ ಕಣ್ಣಲ್ಲಿ ಮೆಚ್ಚುಗೆಯಿತ್ತು.

ವಾಪಸಾಗುವಾಗ ಬಸ್ಸಿನಲ್ಲಿ ಲೋಕೇಶ ನಾಗಶ್ರೀಯ ಪಕ್ಕದಿಂದ ಎದ್ದು ಬೇರೆ ಸೀಟಿಗೆ ಹೋಗಿ ಕೂತ. ಉಡುತಡಿಯ ಹತ್ತಿರ ನಾಗಶ್ರೀ ಎದ್ದು ಬಂದು ರಜನಿಯ ಕ್ಷಮೆ ಕೇಳಿದಳು. ಅವರು ಕಿಟಕಿಯಾಚೆ ನೋಡುತ್ತಾ ತಲೆಯಾಡಿಸಿದರು.

ನಾಳೆ ಹೇಳೋಣ ಎಂದುಕೊಂಡರು. ಮರುದಿನವೂ ಹಾಗೇ ಅಂದುಕೊಂಡರು. ತಡವಾದಷ್ಟೂ, ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂಬ ಪ್ರಶ್ನೆಯೇ ಭಯ ಹುಟ್ಟಿಸತೊಡಗಿತು. ನಾಗಶ್ರೀ ತಂಡಕ್ಕೆ ಬರುವುದನ್ನು ಬಿಟ್ಟಳು. ಪ್ರಯೋಗದ ತರಗತಿಯಲ್ಲಿ ವೈರ್ ಜೋಡಿಸಲು ಪಕ್ಕದವರಿಗೆ ಕೊಡುತ್ತಿದ್ದಳು.

ಪೋಷಕರ ಸಭೆಗೆ ಅವಳ ತಾಯಿ ಹೂವಮ್ಮ ಬಂದರು.

"ಮನೇಲಿ ಮಿಕ್ಸಿ ಸ್ವಿಚ್ ಹಾಕಕ್ಕೂ ಹೆದರ್ತಾಳ್ರೀ ಮಿಸ್. ನನ್ ಕೈ ಸರಿಯಿಲ್ಲ ಅಂತಾಳೆ. ನೀವೊಬ್ರು ಬೈಲಿಲ್ಲ, ನಿಮ್ದು ದೊಡ್ಡ ಮನಸ್ಸು."

ಹೂವಮ್ಮ ಕೈಮುಗಿದಾಗ ರಜನಿಗೆ ಎದುರು ನಿಲ್ಲಲಾಗಲಿಲ್ಲ. ಕೂಡಲೇ ನಾಗಶ್ರೀಯನ್ನೂ ತಂಡದವರನ್ನೂ ಕರೆಸಿ, ಹೂವಮ್ಮನ ಮುಂದೆಯೇ ಕರ್ಚೀಫಿನ ವಿಷಯವನ್ನೆಲ್ಲ ಹೇಳಿದರು. ಲೋಕೇಶ ತಲೆ ತಗ್ಗಿಸಿದ. ಹೂವಮ್ಮ ಮುಗಿದ ಕೈ ಬಿಡಿಸಿ ಸೆರಗು ಸರಿಮಾಡಿಕೊಂಡರು. ನಾಗಶ್ರೀ ಒಂದು ಹೆಜ್ಜೆ ಮುಂದೆ ಬಂದಳು.

"ಹಂಗಾದ್ರೆ ನಾನು ಸರಿಯಾಗೇ ಒರೆಸಿದ್ದೆ, ಅಲ್ವಾ ಮಿಸ್?"

"ಸರಿಯಾಗೇ ಒರೆಸಿದ್ದೆ ಕಣೇ," ಎಂದರು ರಜನಿ. ಅವಳು ಸಿಟ್ಟು ಮಾಡಿಕೊಂಡಿದ್ದರೆ ತಡೆದುಕೊಳ್ಳಬಹುದಿತ್ತು.

ಮುಖ್ಯೋಪಾಧ್ಯಾಯ ಗೋಪಾಲಪ್ಪನವರು ಈ ಪ್ರಾಮಾಣಿಕತೆಯನ್ನು ಪ್ರಾರ್ಥನೆಯ ವೇಳೆ ಎಲ್ಲರಿಗೂ ಹೇಳುತ್ತೇನೆಂದಾಗ ರಜನಿ ಬೇಡವೇ ಬೇಡ ಎಂದರು. ಹೇಳುವುದಾದರೆ ನಾಗಶ್ರೀಯ ತಪ್ಪಿರಲಿಲ್ಲ ಎಂದಷ್ಟೇ ಹೇಳಿ ಎಂದು ಕೇಳಿಕೊಂಡರು. ಅವರು ಹಾಗೇ ಮಾಡಿದರು.

ನಾಗಶ್ರೀ ತಂಡಕ್ಕೆ ಮರಳಿದಳು. ಮುಂದಿನ ವರ್ಷ ತಂಡದವರು ಫೈನಲ್ ತಲುಪಿ ಸೋತರು. ಮೋಟರ್ ಮಾತ್ರ ಕೈಕೊಡಲಿಲ್ಲ. ಈಗ ಅವಳು ಶಿಕಾರಿಪುರದಲ್ಲಿ ಪಿಯುಸಿ ಓದುತ್ತಿದ್ದಾಳೆ. ಏನೇ ಸಂಶಯ ಬಂದರೂ ಮೊದಲು ರಜನಿಗೇ ಫೋನು. ನೀವು ಹೇಳಿದರೆ ಸಾಕು ಮಿಸ್ ಎನ್ನುತ್ತಾಳೆ. ರಜನಿ ತಮಗೆ ತಿಳಿದದ್ದನ್ನು ಹೇಳಿ, ಇನ್ನೊಬ್ಬರನ್ನೂ ಕೇಳಿ ನೋಡು ಎಂದು ಪ್ರತಿ ಸಲವೂ ಸೇರಿಸುತ್ತಾರೆ.