ಕುಂಬಳದ ಆಯಿಯ ಹೆಬ್ಬೆರಳು

ಆಕೆಯ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಕಿತ್ತುಹೋದ ಗುರುತೂ ಇಲ್ಲ, ಗಾಯದ ಕಲೆಯೂ ಇಲ್ಲ. ಉಗುರು ಇರಬೇಕಾದ ಜಾಗದಲ್ಲಿ ಚರ್ಮ ನುಣ್ಣಗೆ, ಕುದಿಸಿ ಸುಲಿದ ಶೇಂಗಾಬೀಜದ ಹಾಗೆ ಇತ್ತು. ಹಸಿ ಮಣ್ಣಿನ ಉಂಡೆಯ ಮೇಲೆ ಆ ಬೆರಳನ್ನು ತುದಿಯಿಂದ ಬುಡದವರೆಗೆ ಒಮ್ಮೆ ಒತ್ತಿ ಎಳೆದರೆ ಸಾಕು, ಕುಂಬಳಕಾಯಿಯ ಗೆರೆ ಮೂಡುತ್ತಿತ್ತು. ನಾವು ಎಳೆದರೆ ಉಗುರಿನ ಗೀರು ಬೀಳುತ್ತಿತ್ತು.

ಮದುವೆಯಾಗಿ ಆ ಓಣಿಗೆ ಬಂದ ಹೊಸದರಲ್ಲಿ ನಾನು ಕೇಳಿದ್ದೆ. "ಆಯಿ, ನಿನ್ನ ಉಗುರು ಎಲ್ಲಿ ಹೋತು?"

"ಮಣ್ಣು ತಿಂತು," ಅಂದಳು. ನಗಲಿಲ್ಲ.

ಅದು ನಿಜಾಮರ ಕಾಲ. ನಮ್ಮ ಮನೆ ಕಲಬುರಗಿಯ ಸ್ಟೇಶನ್ ಬಜಾರದ ಹಿಂದಿನ ಓಣಿಯಲ್ಲಿತ್ತು. ನಮ್ಮ ಮನೆಯವರು ಸ್ಟೇಶನ್ನಿನಲ್ಲಿ ಹಮಾಲಿ ಮಾಡುತ್ತಿದ್ದರು. ಆಯಿ ನಮ್ಮ ಗೋಡೆಗೆ ಹತ್ತಿದ ಒಂದೇ ಖೋಲಿಯಲ್ಲಿ ಒಬ್ಬಳೇ ಇದ್ದಳು. ನಮಗೆ ಬಳಗವಲ್ಲ. ಕಮಲಾಪುರದ ಕಡೆಯವಳು, ಗಂಡ ಸತ್ತವಳು, ಮಕ್ಕಳಿಲ್ಲದವಳು. ಆಯಿ ಅಂದರೆ ನಮ್ಮ ಕಡೆ ಅಜ್ಜಿ, ಓಣಿಯವರು ಕುಂಬಳದ ಆಯಿ ಅನ್ನುತ್ತಿದ್ದರು. ಅದೇ ಹೆಸರಾಯಿತು. ಬೇರೆ ಹೆಸರು ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ.

ಬಾಗಿಲಿಗೆ ಬೂದುಗುಂಬಳ ಕಟ್ಟುವುದು ಎಲ್ಲರ ಮನೆಯ ಪದ್ಧತಿ. ಕೆಟ್ಟ ಕಣ್ಣು ಮೊದಲು ಅದಕ್ಕೆ ಬೀಳಲಿ, ಮನೆಯವರಿಗೆ ಬೀಳದಿರಲಿ ಅಂತ. ಆದರೆ ದಸರೆ ಬಂತೆಂದರೆ ಬಜಾರದಲ್ಲಿ ಕಾಯಿ ತುಟ್ಟಿ. ಕೊಂಡು ಕಟ್ಟಿದರೂ ಕೊಳೆತು ನೀರಾಗಿ ಹೊಸ್ತಿಲ ಮೇಲೆ ಬೀಳುತ್ತದೆ, ಹುಳ ಆಗುತ್ತದೆ. ಹಮಾಲರ ಓಣಿಯಲ್ಲಿ ವರ್ಷಕ್ಕೆ ಎಷ್ಟು ಸಲ ಕಟ್ಟುವುದು? ಹಾಗಾಗಿ ಆಯಿ ಮಣ್ಣಿನಲ್ಲಿ ಕಾಯಿ ಮಾಡಿ ಕೊಡುತ್ತಿದ್ದಳು. ಸುಡದ ಮಣ್ಣು. ನೆರಳಿಗೇ ಒಣಗಬೇಕು. ಒಂದು ಸೇರು ಜೋಳ ಹಾಕಿದರೆ ಒಂದು ಕಾಯಿ.

ಗಣಪತಿ ಹೋದ ಮೇಲೆ ಆಕೆ ಕಮಲಾಪುರಕ್ಕೆ ಹೋಗಿ, ಬಾಳೆಗೊನೆ ತರುವ ಬಂಡಿಯಲ್ಲಿ ಒಂದು ಚೀಲ ಕೆಂಪು ಮಣ್ಣು ಹೇರಿಸಿಕೊಂಡು ಬರುತ್ತಿದ್ದಳು. ನಮ್ಮ ಕಡೆಯ ಎರೆಮಣ್ಣು ಒಣಗಿದರೆ ಬಿರಿಯುತ್ತದೆ, ಬೆರಳು ಹೋಗುವಷ್ಟು. ಕೆಂಪು ಮಣ್ಣನ್ನು ನೀರಿಗೆ ಹಾಕಿ, ಹಳೆ ಸೀರೆಯಲ್ಲಿ ಸೋಸಿ, ಅದಕ್ಕೆ ಕಚೇರಿಯವರು ಹರಿದೊಗೆದ ಕಾಗದ ನೆನೆಸಿ ರುಬ್ಬಿ ಹಾಕುತ್ತಿದ್ದಳು. ಹಳೆ ಗಾದಿಯ ಅರಳೆ, ಹುಣಸೆಬೀಜ ಕುದಿಸಿದ ಅಂಟು, ಒಂದು ಹಿಡಿ ಮೆಂತ್ಯದ ಹಿಟ್ಟು. ಯಾವುದಕ್ಕೂ ಖರ್ಚಿಲ್ಲ. ಹುಲ್ಲಿನ ಉಂಡೆಯ ಮೇಲೆ ಮಣ್ಣು ಬಳಿದು, ಸ್ವಲ್ಪ ಗಟ್ಟಿಯಾದ ಮೇಲೆ ಬುಡದ ತೂತಿನಿಂದ ಹುಲ್ಲು ಎಳೆದು ತೆಗೆಯುವುದು. ತಲೆಗೆ ಮಾತ್ರ ನಿಜವಾದ ತೊಟ್ಟು. ವರ್ಷವಿಡೀ ತಿಪ್ಪೆಗಳಲ್ಲಿ ಹುಡುಕಿ ಆರಿಸಿಟ್ಟ ಒಣ ತೊಟ್ಟುಗಳು ಆಕೆಯ ಗಡಿಗೆಯಲ್ಲಿ ಇರುತ್ತಿದ್ದವು. ದೂರದಿಂದ ನೋಡಿ ಹಸುಗಳೂ ಮೂಸಲು ಬರುತ್ತಿದ್ದವು. ಕಣ್ಣು ಮೂಗು ಬರಿ ಅಂದರೆ ಬರೆಯುತ್ತಿರಲಿಲ್ಲ. "ಕಣ್ಣು ಕೊಟ್ರ ಅದು ಹೊರಗಿನವರನ್ನ ಅಷ್ಟೇ ನೋಡ್ತದೇನ? ಒಳಗ ಮಕ್ಕೊಂಡವರನ್ನೂ ನೋಡ್ತದ," ಅನ್ನುತ್ತಿದ್ದಳು.

ಇನ್ನೊಂದು ಪದ್ಧತಿ ಆಕೆಯದೇ. ಬುಡದ ತೂತು ಮುಚ್ಚುವ ಮೊದಲು, ಆ ಕಾಯಿ ಯಾರಿಗಾಗಿ ಮಾಡಿದ್ದೋ ಅವರ ಹೆಸರನ್ನು ತೂತಿನೊಳಗೆ ಹೇಳಬೇಕು. ಆಮೇಲೆ ಅದು ಪೂರ್ತಿ ಒಣಗುವವರೆಗೆ ಯಾರೂ ಅದನ್ನು ಒಯ್ಯಬಾರದು. ಒಣಗಿದ ಮೇಲೆ ಒಡೆದರೂ ಚಿಂತೆಯಿಲ್ಲ, ಹಸಿ ಇದ್ದಾಗ ಒಡೆಯಬಾರದು. ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ. ಆಕೆಯ ಖೋಲಿಯೊಳಗೆ ಹೋದರೆ ಕತ್ತಲಲ್ಲಿ ತೊಲೆಯಿಂದ ಸಾಲಾಗಿ ತೂಗುಬಿದ್ದ ಕಾಯಿಗಳು, ಕೆಳಗೆ ಮೆಂತ್ಯದ ಕಮಟು ವಾಸನೆ. ಗಾಳಿ ಇಲ್ಲದಾಗಲೂ ಒಂದೆರಡು ಮೆಲ್ಲಗೆ ತಿರುಗುತ್ತಿದ್ದವು. ಆಕೆ ಗೆಣ್ಣಿನಿಂದ ಒಂದೊಂದನ್ನೇ ತಟ್ಟಿ, ಕಿವಿ ಇಟ್ಟು ಕೇಳುತ್ತಿದ್ದಳು. ಟಣ್ ಅಂದರೆ ಒಣಗಿದೆ. ದಬ್ ಅಂದರೆ ಇನ್ನೂ ಹಸಿ.

ನನ್ನ ಎರಡು ಕೂಸುಗಳು ಹುಟ್ಟಿ ತಿಂಗಳಾಗುವುದರೊಳಗೆ ಸತ್ತಿದ್ದವು. ಮೂರನೆಯದು ಹೊಟ್ಟೆಯಲ್ಲಿತ್ತು. ನಮ್ಮ ಅತ್ತೆ ಮಾತಿನಲ್ಲಿ ಮುಚ್ಚುಮರೆ ಇಟ್ಟುಕೊಂಡವಳಲ್ಲ. "ಇದೂ ಉಳೀಲಿಲ್ಲಂದ್ರ ನೀ ನಿಮ್ಮವ್ವನ ಮನಿಗಿ ಹೋಗು. ನನ್ನ ಮಗಗ ಬ್ಯಾರೆ ಹುಡುಗಿ ನೋಡಿಟ್ಟೀನಿ," ಅಂದಿದ್ದಳು. ನೋಡಿಟ್ಟದ್ದೂ ನಿಜ. ಆ ಹುಡುಗಿ ತಾಜಸುಲ್ತಾನಪುರದವಳು, ಒಂದು ಸಲ ನಮ್ಮ ಮನೆಗೇ ಬಂದು ನಾನು ಮಾಡಿದ ರೊಟ್ಟಿ ತಿಂದು ಹೋಗಿದ್ದಳು. ತವರಿನಲ್ಲಿ ನನಗೆ ಯಾರಿದ್ದರು? ಅವ್ವ ಸತ್ತು ಎಷ್ಟೋ ಕಾಲವಾಗಿತ್ತು.

ಆ ವರ್ಷ ಆಯಿ ನನ್ನನ್ನು ಕರೆದು ಒಂದು ಕಾಯಿ ಕೈಗಿಟ್ಟಳು. ಬುಡ ಇನ್ನೂ ತೆರೆದಿತ್ತು.

"ಹೇಳು," ಅಂದಳು.

"ಕೂಸಿಗಿ ಹೆಸರೆಲ್ಲಿ ಅದ ಆಯಿ?"

"ಹೊಟ್ಟ್ಯಾಗಿಂದು ಅನ್ನು. ಅದಕ್ಕ ಗೊತ್ತಾಗ್ತದ."

ನಾನು ಬಾಯಿ ಇಟ್ಟು ಹೇಳಿದೆ. ಒಳಗಿನಿಂದ ತಣ್ಣನೆಯ ಉಸಿರು ತುಟಿಗೆ ಬಡಿಯಿತು. ಹಸಿ ಮಣ್ಣು ತಣ್ಣಗೇ ಇರುತ್ತದೆ, ಬಿಡಿ. ಆಯಿ ತೂತು ಮುಚ್ಚಿ ತೊಲೆಗೆ ಕಟ್ಟಿದಳು.

ಕಾಯಿ ಒಣಗುವ ಮೊದಲೇ ದೀಪಾವಳಿಯ ಅಮಾವಾಸ್ಯೆ ಬಂತು. ಆಯಿ ಇನ್ನಷ್ಟು ತೊಟ್ಟು ಕೇಳಿಕೊಂಡು ಬರಲು ಕಾಯಿಪಲ್ಲೆ ಬಜಾರಕ್ಕೆ ಹೋದವಳು ಮರಳಿದ್ದು ಮರುದಿನ ಸಂಜೆಗೇ. ಬಾಗಿಲಿಗೆ ಬೀಗ ಹಾಕುವ ರೂಢಿ ಆಕೆಗಿರಲಿಲ್ಲ. ಅತ್ತೆ ಹೋಗಿ ಕಾಯಿ ಬಿಚ್ಚಿಕೊಂಡು ಬಂದಳು, ಸುಣ್ಣ ಹಚ್ಚಿದಳು, ಕುಂಕುಮ ಇಟ್ಟಳು, ಬಾಗಿಲಿಗೆ ಕಟ್ಟಿದಳು. ಅಮಾವಾಸ್ಯೆಗೆ ಬಾಗಿಲು ಬರಿದಿರಬಾರದು ಅನ್ನುವುದು ಆಕೆಯ ಹಟ.

ಮರುದಿನ ಮುಂಜಾನೆ ನಾನು ಕಸ ಹೊಡೆಯಲು ಹೋದಾಗ ಬಿಳಿ ಕಾಯಿಯ ಮೈಮೇಲೆ ಅಲ್ಲಲ್ಲಿ ಕೆಂಪು ಒಡೆದಿತ್ತು. ಮಧ್ಯಾಹ್ನಕ್ಕೆ ಗೆರೆಗಳಲ್ಲಿ ಇಳಿದು ಬುಡದಲ್ಲಿ ಹನಿಯಾಗಿ ನಿಂತಿತು. ಸಂಜೆಗೆ ಓಣಿಯ ಹೆಂಗಸರೆಲ್ಲ ನಮ್ಮ ಬಾಗಿಲಿಗೆ ಬಂದರು.

"ಯವ್ವಾ, ರಕ್ತ ಬರ್ಲಕತ್ಯಾದಲ್ಲ!"

"ಬಸುರಿ ಇರೋ ಮನ್ಯಾಗ..."

"ಸಾಕು ಸುಮ್ನಿರ್ರಿ, ಆಕಿ ಇಲ್ಲೇ ಅದಾಳ."

ನಾನು ಅಲ್ಲೇ ಇದ್ದೆ. ಯಾರೂ ನನ್ನ ಮುಖ ನೋಡಲಿಲ್ಲ, ಎಲ್ಲರೂ ಹೊಟ್ಟೆ ನೋಡಿದರು. ಅತ್ತೆ ಒನಕೆ ತಂದಳು. ಒಡೆದು ಬಿಡ್ತೀನಿ ಅಂದಳು. ಅಷ್ಟರಲ್ಲಿ ಆಯಿ ಜನರನ್ನು ಸರಿಸಿ ಮುಂದೆ ಬಂದಳು.

"ಒನಕಿ ಕೆಳಗ ಇಡು," ಅಂದಳು. ಹೆಬ್ಬೆರಳಿನಿಂದ ಹನಿ ಒರೆಸಿ ನಾಲಗೆಗೆ ಹಚ್ಚಿಕೊಂಡಳು. ಕಾಯಿಗೆ ಕಿವಿ ಇಟ್ಟು ಅಲ್ಲಾಡಿಸಿದಳು. ನನಗೂ ಕೇಳಿಸಿತು, ಒಳಗೆ ಏನೋ ಸರ್ ಅಂತ ಸರಿಯಿತು. "ಉಪ್ಪು. ಇದರಾಗ ಉಪ್ಪು ಹಾಕಿ ಏನ?"

ಅತ್ತೆ ಒಳಗೆ ಹೋಗಲು ತಿರುಗಿದಳು.

"ನಿನಗೇ ಕೇಳ್ಲಕತ್ತೀನಿ."

"ಹಾಕೀನಿ," ಅಂದಳು ಅತ್ತೆ. "ಈಕಿದೇ ದೃಷ್ಟಿ ತಗದಿದ್ದು. ಆ ಉಪ್ಪು ಕಾಯ್ಯಾಗ ಇದ್ರ ಇನ್ನೂ ಗಟ್ಟಿ ಕಾವಲ ಆಗ್ತದ ಅಂತ ಬುಡ ಬಿಚ್ಚಿ ತುಂಬೀನಿ. ತಪ್ಪೇನಾತು?"

ಓದುವವರಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಮುಖದ ಸುತ್ತ ಇಳಿಸಿ ದೃಷ್ಟಿ ತೆಗೆದ ಉಪ್ಪನ್ನು ಒಲೆಗೆ ಹಾಕಬೇಕು, ಇಲ್ಲವೇ ಹರಿವ ನೀರಿಗೆ ಬಿಡಬೇಕು. ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ.

"ತಗದಿದ್ದ ದೃಷ್ಟಿಗಿ ಮನಿ ಕಟ್ಟಿಕೊಟ್ಟಿ," ಅಂದಳು ಆಯಿ. "ಕೂಸಿನ ಹೆಸರು ಇದರಾಗ ಅದ. ದೃಷ್ಟಿನೂ ಇದರಾಗ ಅದ. ಎರಡೂ ಒಂದ ಕಡಿ ಕುಂತಾವ."

"ಹಂಗಾರ ಹಳ್ಳಕ್ಕ ಬಿಡೋಣೇನ?"

"ಹಸಿ ಮಣ್ಣು ನೀರಾಗ ಕರಗ್ತದ. ಕೂಸಿನ ಹೆಸರು ಎಲ್ಲಿ ಹೋಗಬೇಕು? ಒಡಿಯೋಹಂಗಿಲ್ಲ, ಒಗಿಯೋಹಂಗಿಲ್ಲ. ಒಣಗಬೇಕು ಅಷ್ಟೇ. ಒಣಗೋತನ ಯಾರರೆ ಇದರ ಬಾಜೂಕ ಇರಬೇಕು. ಹನಿ ನೆಲಕ್ಕ ಬೀಳಬಾರದು."

ಅತ್ತೆ ಒನಕೆಯನ್ನು ಗೋಡೆಗೆ ಆನಿಸಿ ಹೊಸ್ತಿಲಿನಿಂದ ಹಿಂದೆ ಸರಿದಳು. ನಾನು ಆ ಮನೆಯಲ್ಲಿ ಆಕೆ ಹೆದರಿದ್ದನ್ನು ನೋಡಿದ್ದು ಅದೊಂದೇ ಸಲ. ಆಯಿ ಕಾಯಿ ಬಿಚ್ಚಿ ಸೆರಗಿನಲ್ಲಿ ಸುತ್ತಿಕೊಂಡಳು. ನನ್ನ ಕಡೆ ತಿರುಗಿ, "ನೀ ಹಡಿ. ಇದನ್ನ ನಾ ನೋಡ್ಕೋತೀನಿ," ಅಂದಳು. ಮರುದಿನ ಬಾಳೆಗೊನೆಯ ಬಂಡಿ ಕಮಲಾಪುರಕ್ಕೆ ಮರಳುವಾಗ ಅದರಲ್ಲಿ ಹೋಗಿಬಿಟ್ಟಳು. ಓಣಿಯಲ್ಲಿ ಇನ್ನೊಬ್ಬ ಬಸುರಿ ಇದ್ದಳು, ಆ ದೃಷ್ಟಿ ಅವಳಿಗೆ ತಟ್ಟದಿರಲಿ ಅಂತಲೇ ಹೋದಳು ಅನ್ನುವುದು ಆಮೇಲೆ ಗೊತ್ತಾಯಿತು. ಖೋಲಿಯಲ್ಲಿ ಉಳಿದ ಕಾಯಿಗಳನ್ನು ಅವರವರೇ ಬಂದು ತಟ್ಟಿ ನೋಡಿ ಒಯ್ದರು.

ನನಗೆ ಹೆಣ್ಣು ಕೂಸಾಯಿತು. ತಿಂಗಳಾಯಿತು, ಉಳಿಯಿತು. ಮತ್ತೆ ತಿಂಗಳಾಯಿತು, ಉಳಿಯಿತು. ತಾಜಸುಲ್ತಾನಪುರದ ಮಾತು ಮನೆಯಲ್ಲಿ ನಿಂತುಹೋಯಿತು.

ಯುಗಾದಿ ಕಳೆದ ಮೇಲೆ ಕೂಸನ್ನು ಕಟ್ಟಿಕೊಂಡು ಬಂಡಿಯಲ್ಲಿ ಕಮಲಾಪುರಕ್ಕೆ ಹೋದೆ. ಊರ ಹೊರಗೆ, ಬಾಳೆತೋಟದ ದಂಡೆಗೆ, ತನ್ನ ತಮ್ಮನ ದನದ ಕೊಟ್ಟಿಗೆಯಲ್ಲಿ ಆಯಿ ಇದ್ದಳು. ಬಹಳ ಸೊರಗಿದ್ದಳು. ಆಕೆಯ ತಲೆಯ ಮೇಲೆ ಆ ಕಾಯಿ ತೂಗುತ್ತಿತ್ತು. ಹೊರಗೆ ನೆಲಕ್ಕೆ ಕಾಲಿಡಲಾಗದ ಬಿಸಿಲು. ಒಗೆದ ಬಟ್ಟೆ ಹರವುವ ಮೊದಲೇ ಒಣಗುವಂಥ ಝಳ. ಆದರೂ ಕಾಯಿಯ ಬುಡದಲ್ಲಿ ಒಂದು ಕೆಂಪು ಹನಿ ನಿಂತಿತ್ತು. ಆಯಿ ಮಾತಾಡುತ್ತಲೇ ಹೆಬ್ಬೆರಳಿನಿಂದ ಅದನ್ನು ಒರೆಸಿ ಸೆರಗಿಗೆ ಹಚ್ಚಿಕೊಂಡಳು. ನೊಣ ಓಡಿಸಿದಷ್ಟು ಸಹಜವಾಗಿ.

ಕೂಸು ಮೇಲೆ ನೋಡಿ ಕೈ ಚಾಚಿ ನಕ್ಕಿತು. ಪರಿಚಯದವರನ್ನು ಕಂಡ ಹಾಗೆ.

"ಮುಟ್ಟಸಬ್ಯಾಡ," ಅಂದಳು ಆಯಿ.

"ಇನ್ನೂ ಒಣಗಿಲ್ಲೇನ ಆಯಿ?"

"ಉಪ್ಪು ತಿಂದಿದ್ದು ಲಗೂ ಒಣಗ್ತದೇನ? ನಮ್ಮವ್ವ ಹಿಂಗ ಒಂದು ಕಾಯಿ ನನಗ ಬಿಟ್ಟು ಹೋಗಿದ್ಲು. ದಿನಾ ಒರಿಸಿ ಒರಿಸಿ ಉಗುರು ಹೋತು."

"ಅದರಾಗ ಯಾರ ಹೆಸರಿತ್ತು?"

"ನಂದೇ."

"ಒಣಗಿತೇನ ಮತ್ತ?"

"ಮುದುಕಿ ಆಗೀನಲ್ಲ ಹುಚ್ಚಿ. ಒಣಗಿರಬೇಕು." ಆಗ ಮಾತ್ರ ನಕ್ಕಳು. ಹಲ್ಲಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಬಾಳೆಹಣ್ಣಿನವನು ಸುದ್ದಿ ತಂದ. ನಾನು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಆಯಿಯ ತಮ್ಮನ ಹೆಂಡತಿ ಕೊಟ್ಟಿಗೆಯ ಬಾಗಿಲು ತೆರೆದಳು, ತಾನು ಒಳಗೆ ಬರಲಿಲ್ಲ. "ಅದನ್ನ ಒಯ್ದುಬಿಡವ್ವಾ. ದನ ಒಳಗ ಹೋಗಲ್ಲಂತಾವ," ಅಂದಳು. ಕಾಯಿಯ ಕೆಳಗೆ ನೆಲದಲ್ಲಿ ಒಂದು ಬಟ್ಟಲಿತ್ತು. ಸಾಯುವ ಮುಂಚೆ ಆಯಿಯೇ ತೆವಳಿ ಹೋಗಿ ಇಟ್ಟದ್ದಂತೆ. ಅದರ ತಳದಲ್ಲಿ ಕೆಂಪು ನೀರಿತ್ತು. ನೆಲ ಒಣಗಿತ್ತು.

ಗೆಣ್ಣಿನಿಂದ ಕಾಯಿ ತಟ್ಟಿದೆ. ದಬ್ ಅಂದಿತು.

ಸೆರಗಿನಲ್ಲಿ ಸುತ್ತಿಕೊಂಡು ಬಂದೆ. ಅಡುಗೆಮನೆಯ ಮೂಲೆಯ ತೊಲೆಗೆ ಕಟ್ಟಿದೆ. ಅತ್ತೆ ನೋಡಿದಳು, ಅಂದಿನಿಂದ ಆ ಮೂಲೆಗೆ ಹೋಗಲಿಲ್ಲ.

ಉಪ್ಪು ಗಾಳಿಯಲ್ಲಿನ ನೀರು ಕುಡಿಯುತ್ತದೆ, ಅದಕ್ಕೇ ಬೆವರುತ್ತದೆ ಅಂತ ಒಬ್ಬ ಕುಂಬಾರ ನನಗೆ ಹೇಳಿದ್ದಾನೆ. ಇರಬಹುದು. ಮಳೆಗಾಲದಲ್ಲಿ ನಮ್ಮ ಉಪ್ಪಿನ ಗಡಿಗೆಯೂ ಬೆವರುತ್ತದೆ. ನಾನು ದೆವ್ವ ಕಂಡವಳಲ್ಲ, ಕಂಡೆ ಅನ್ನುವವರನ್ನು ನಂಬುವವಳೂ ಅಲ್ಲ. ಅತ್ತೆ ಹೋದಳು, ಮನೆಯವರು ಹೋದರು, ನಿಜಾಮರ ರಾಜ್ಯ ಹೋಯಿತು. ಮನೆ ಬದಲಾಯಿಸಿದೆವು. ಕಾಯಿ ನನ್ನ ಜೊತೆ ಬಂತು. ಸುಣ್ಣವೆಲ್ಲ ಉದುರಿ ಈಗ ಬರೀ ಕೆಂಪಗಿದೆ, ಆಯಿಯ ಬೆರಳು ಎಳೆದ ಗೆರೆಗಳು ಹಾಗೇ ಇವೆ. ಮುಂಜಾನೆ ಎದ್ದ ಕೂಡಲೇ ಮುಖ ತೊಳೆಯುವ ಮುಂಚೆ ಒರೆಸುತ್ತೇನೆ. ಊರಿಗೆ ಹೋದರೆ ರಾತ್ರಿ ಉಳಿಯುವುದಿಲ್ಲ. ಮಗಳ ಮದುವೆಯಲ್ಲೂ ಉಳಿಯಲಿಲ್ಲ. ಬಳಗದವರು ಆಡಿಕೊಂಡರು, ಆಡಿಕೊಳ್ಳಲಿ.

ಮಗಳಿಗೆ ಈಗ ತಲೆ ಬೆಳ್ಳಗಾಗಿದೆ, ಮೊಮ್ಮಕ್ಕಳಿದ್ದಾರೆ. ಗಟ್ಟಿಮುಟ್ಟಾಗಿದ್ದಾಳೆ, ಜ್ವರ ಅಂತ ಮಲಗಿದ್ದು ನಾನು ನೋಡಿಲ್ಲ. ಆ ಕಾಯಿಯೊಳಗೆ ಏನಿದೆ ಅಂತ ಆಕೆಗೆ ನಾನು ಹೇಳಿಲ್ಲ. ಅವ್ವನದೊಂದು ಹುಚ್ಚು ಅಂದುಕೊಂಡಿದ್ದಾಳೆ. ಮೊನ್ನೆ ಬಂದವಳು ನನ್ನ ಕೈ ಹಿಡಿದು ಎಣ್ಣೆ ತಿಕ್ಕುತ್ತಿದ್ದಳು. ಬಲಗೈ ಹೆಬ್ಬೆರಳಿಗೆ ಬಂದಾಗ ನಿಲ್ಲಿಸಿದಳು, ಬೆಳಕಿಗೆ ತಿರುಗಿಸಿ ನೋಡಿದಳು.

"ಅವ್ವಾ, ಉಗುರು ಎಲ್ಲಿ ಹೋತು?"

"ಮಣ್ಣು ತಿಂತು," ಅಂದೆ.

ಆಕೆ ನಕ್ಕಳು. ಅಡುಗೆಮನೆಯ ಮೂಲೆಯಲ್ಲಿ ಒಂದು ಹನಿ ಬಿದ್ದ ಸದ್ದಾಯಿತು. ನಾನು ಕೈ ಬಿಡಿಸಿಕೊಂಡು ಎದ್ದೆ.