ಪಿಳ್ಳಣ್ಣನ ಕೂಗಳತೆ

ಪುಟ್ಟೇನಹಳ್ಳಿಯ ಹಳೇ ಊರಿನಲ್ಲಿ ಪಿಳ್ಳಣ್ಣನ ಗಂಟಲಿಗೆ ಹೆದರದವರು ಇಬ್ಬರೇ. ಒಬ್ಬಳು ಹೆಂಡತಿ ಮುನಿಲಕ್ಷ್ಮಮ್ಮ, ಇನ್ನೊಬ್ಬಳು ಮೊಮ್ಮಗಳು ಸಮನ್ವಿತಾ. ಉಳಿದಂತೆ ಕಾಗೆ, ಬೀದಿನಾಯಿ, ನೀರಿನ ಟ್ಯಾಂಕರಿನ ಡ್ರೈವರು, ಬಾಡಿಗೆದಾರರು ಎಲ್ಲರೂ ಬೆಚ್ಚಿಬೀಳುತ್ತಿದ್ದರು. ಹೊಲ ಇದ್ದ ಕಾಲದಲ್ಲಿ ಕೆರೆಯ ಆಚೆ ದಡದಲ್ಲಿ ಸೊಪ್ಪು ಕೀಳುತ್ತಿದ್ದ ಹೆಂಡತಿಯನ್ನು ಈಚೆ ದಡದಿಂದ ಊಟಕ್ಕೆ ಕರೆದು ಪಳಗಿದ ಗಂಟಲು ಅದು. ಹೊಲ ಹೋಗಿ ಲೇಔಟ್ ಆಯಿತು, ಪಿಳ್ಳಣ್ಣ ಮೂರಂತಸ್ತಿನ ಮನೆಯ ಓನರ್ ಆದ. ಗಂಟಲು ಮಾತ್ರ ಹೊಲದಲ್ಲೇ ಉಳಿದುಕೊಂಡಿತು.

ಅವನ ಅಳತೆಗಳೂ ಹಾಗೆಯೇ. ಬೀಡಿ ಬಿಟ್ಟು ಹದಿನೈದು ವರ್ಷವಾದರೂ ಕೆರೆ ಅವನಿಗೆ ಈಗಲೂ ಒಂದು ಬೀಡಿ ದೂರ, ಜೆ.ಪಿ. ನಗರದ ಮಾರ್ಕೆಟ್ಟು ಮೂರು ಬೀಡಿ ದೂರ. ಅದಕ್ಕಿಂತ ಹತ್ತಿರದ್ದೆಲ್ಲ ಕೂಗಳತೆ. ಕಿಲೋಮೀಟರಿನಲ್ಲಿ ಅವನಿಗೆ ನಂಬಿಕೆಯಿರಲಿಲ್ಲ. ನಂಬಿಕೆ ಇಲ್ಲದ್ದಕ್ಕೆ ಕಾರಣವೂ ಇತ್ತು: ತನ್ನ ಮನೆಯ ಟು-ಲೆಟ್ ಬೋರ್ಡಿನಲ್ಲಿ ‘ಮೆಟ್ರೋಗೆ ಐದೇ ನಿಮಿಷ’ ಎಂದು ಬರೆಸಿದವನು ಅವನೇ. ಆ ಬೋರ್ಡನ್ನು ನಂಬಿ ಬಿಟಿಎಂ ಲೇಔಟಿನಿಂದ ಸಾಮಾನು ಹೊತ್ತು ಬಂದ ಗುರುಸಿದ್ದ ಮೊದಲನೇ ದಿನ ಮೆಟ್ರೋಗೆ ನಡೆಯುತ್ತಾ ಹೋಗಿ ಆಫೀಸಿಗೆ ಅರ್ಧ ದಿನ ರಜೆ ಹಾಕಿದ್ದ. ರಾಯಚೂರಿನ ಕಡೆಯವನು, ಒಳ್ಳೆಯ ಮನುಷ್ಯ, ಜಗಳವಾಡದೆ ಒಂದನೇ ಮಹಡಿಯಲ್ಲೇ ಉಳಿದ. ಅವನ ಮಗಳು ಮಧುಮತಿಗೂ ಸಮನ್ವಿತಾಗೂ ಒಂದೇ ವಯಸ್ಸು, ಒಂದೇ ಶಾಲೆ, ಒಂದೇ ಹುಚ್ಚು.

ಆ ಹುಚ್ಚು ಖೋಖೋ. ಪಿಳ್ಳಣ್ಣನ ಹಿತ್ತಲ ಗೋಡೆಯೇ ಒಂದು ಹೈಸ್ಕೂಲಿನ ಕಾಂಪೌಂಡು. ಊರಲ್ಲಿ ಅದಕ್ಕೆ ‘ಗೋಡೆ ಸ್ಕೂಲು’ ಎಂದೇ ಹೆಸರು. ಅದರ ಬೆಲ್ಲು ಹೊಡೆದರೆ ಪಿಳ್ಳಣ್ಣ ಕಾಫಿ ಕುಡಿಯುತ್ತಿದ್ದ, ಎರಡನೇ ಬೆಲ್ಲಿಗೆ ಮಾತ್ರೆ ನುಂಗುತ್ತಿದ್ದ. ಸಂಜೆ ಅಲ್ಲಿನ ಹುಡುಗಿಯರು ಮೈದಾನದಲ್ಲಿ ಖೋಖೋ ಆಡುವಾಗ ಈ ಇಬ್ಬರೂ ಟೆರೇಸಿನ ಮೇಲೆ ನಿಂತು ಕಲಿಯುತ್ತಿದ್ದರು. “ಅಕ್ಕಾ, ಕಂಬದ ಹಿಂದೆ, ಕಂಬದ ಹಿಂದೆ!” ಎಂದು ಸಮನ್ವಿತಾ ಕೂಗಿದರೆ ಕೆಳಗೆ ಔಟಾಗಬೇಕಿದ್ದವಳು ಉಳಿಯುತ್ತಿದ್ದಳು. ಗಂಟಲು ತಾತನದೇ.

ಹುಡುಗಿಯರು ಓದುತ್ತಿದ್ದ ಶಾಲೆ ಏಳನೇ ತರಗತಿಗೆ ಮುಗಿಯಿತು. ಗೋಡೆ ಸ್ಕೂಲಿನಲ್ಲಿ ಎಂಟಕ್ಕೆ ಸೀಟು ಸಿಗದಿದ್ದರೆ ಹುಳಿಮಾವಿನ ಕಡೆಯ ಇನ್ನೊಂದು ಶಾಲೆ, ಬೆಳಿಗ್ಗೆ ಒಂದು ಗಂಟೆ ಸಂಜೆ ಒಂದು ಗಂಟೆ ವ್ಯಾನಿನಲ್ಲಿ ಕೂರಬೇಕು. ಅಲ್ಲಿ ಮೈದಾನವೂ ಇಲ್ಲ. “ತಾತ, ಆ ಸ್ಕೂಲಲ್ಲಿ ಪಿ.ಟಿ. ಪೀರಿಯಡ್ಡು ಬೇಸ್‌ಮೆಂಟಲ್ಲಂತೆ” ಎಂದು ಸಮನ್ವಿತಾ ಹೇಳುವಾಗ ಅವಳ ಕಣ್ಣು ತುಂಬಿತ್ತು. ಸಾಮಾನ್ಯಕ್ಕೆ ಅಳುವವಳಲ್ಲ.

“ಗೋಡೆ ನಮ್ದು. ಸೀಟು ಕೊಡ್ದೆ ಎಲ್ಲೋಯ್ತಾರೆ?” ಎಂದ ಪಿಳ್ಳಣ್ಣ.

ಅರ್ಜಿ ಆನ್‌ಲೈನು. ಗುರುಸಿದ್ದ ಮೊಬೈಲು ಹಿಡಿದು ಕೂತ, ಪಿಳ್ಳಣ್ಣ ಉತ್ತರ ಹೇಳುತ್ತಾ ನಿಂತ. ‘ಶಾಲೆಗೂ ಮನೆಗೂ ಇರುವ ದೂರ’ ಎಂಬ ಕಾಲಂ ಬಂತು.

“ಬರ್ಕೊ. ಕೂಗಳತೆ.”

“ಯಜಮಾನ್ರ, ಇಲ್ಲಿ ಬರೇ ಅಂಕಿ ತೊಗೊಂತೈತ್ರಿ. ಅಕ್ಷರ ಹಾಕಿದ್ರ ಕೆಂಪಗಾಗಾಕತ್ತೈತಿ.”

“ಹಂಗಾರೆ ಸೊನ್ನೆ ಹಾಕು. ಮಧ್ಯೆ ಒಂದು ಗೋಡೆ ತಾನೆ?”

ಗುರುಸಿದ್ದ ಸೊನ್ನೆ ಹಾಕಿದ. ಅರ್ಜಿ ಸೊನ್ನೆಯನ್ನು ಪಕ್ಕಕ್ಕೆ ತಳ್ಳಿ, ತಾನೇ ಮ್ಯಾಪು ನೋಡಿ, ಒಂದು ಪಾಯಿಂಟ್ ನಾಲ್ಕು ಕಿಲೋಮೀಟರ್ ಎಂದು ತೋರಿಸಿತು. ಶಾಲೆಯ ಗೇಟು ಆಚೆ ಕಡೆಯ ರಸ್ತೆಗಿತ್ತು. ಮನೆಯಿಂದ ಹೊರಟು, ರಾಜಕಾಲುವೆಯ ಉದ್ದಕ್ಕೂ ನಡೆದು, ಸೇತುವೆ ದಾಟಿ, ಅಷ್ಟೇ ದೂರ ಹಿಂದಕ್ಕೆ ಬಂದರೆ ಆ ಗೇಟು ಸಿಗುತ್ತಿತ್ತು. ಸೀಟು ಹಂಚುವ ಕ್ರಮವೂ ಅಲ್ಲೇ ಬರೆದಿತ್ತು. ಮೊದಲು, ಅಣ್ಣನೋ ಅಕ್ಕನೋ ಅಲ್ಲೇ ಓದುತ್ತಿದ್ದರೆ ಅಂಥವರಿಗೆ. ಆಮೇಲೆ ಶಾಲೆಯ ಸಿಬ್ಬಂದಿಯ ಮಕ್ಕಳಿಗೆ. ಆಮೇಲೆ ರಸ್ತೆ ದಾರಿಯಲ್ಲಿ ಗೇಟಿನಿಂದ ಒಂದು ಕಿಲೋಮೀಟರಿನ ಒಳಗಿದ್ದವರಿಗೆ. ಉಳಿದರೆ ಉಳಿದವರಿಗೆ. ಯಾವ ವರ್ಷವೂ ಉಳಿದದ್ದಿಲ್ಲ.

ಸಮನ್ವಿತಾ ಒಬ್ಬಳೇ ಮಗಳು, ಅಕ್ಕ ಅಣ್ಣ ಯಾರೂ ಇಲ್ಲ. “ನೀನೇ ಹೋಗಿ ಅಲ್ಲಿ ವಾಚ್‌ಮನ್ ಆಗು, ಸಿಬ್ಬಂದಿ ಲೆಕ್ಕದಲ್ಲಾದ್ರೂ ಸಿಗ್ತದೆ. ಹೆಂಗೂ ಇಡೀ ದಿನ ಕೂಗ್ತಾನೇ ಇರ್ತೀಯ” ಎಂದಳು ಮುನಿಲಕ್ಷ್ಮಮ್ಮ, ಅವರೆಕಾಯಿ ಬಿಡಿಸುತ್ತಾ.

ಪಿಳ್ಳಣ್ಣ ಮರುದಿನ ಇಸ್ತ್ರಿ ಶರಟು ಹಾಕಿಕೊಂಡು, ರಾಜಕಾಲುವೆ ಸುತ್ತಿ, ಬೆವರು ಒರೆಸಿಕೊಳ್ಳುತ್ತಾ ಹೆಡ್‌ಮಿಸ್ ಮುಂದೆ ಕೂತ. ಅವರು ಕನ್ನಡಕದ ಮೇಲಿಂದ ನೋಡುವ, ದನಿ ಏರಿಸದ ಹೆಂಗಸು. ದನಿ ಏರಿಸದವರ ಜೊತೆ ಜಗಳವಾಡುವುದು ಪಿಳ್ಳಣ್ಣನಿಗೆ ಗೊತ್ತಿರಲಿಲ್ಲ.

“ಮೇಡಂ, ನಮ್ಮನೆ ನಿಮ್ ಸ್ಕೂಲಿಗೆ ಕೂಗಳತೆ.”

“ಸಾರ್, ನಾವು ನೋಡೋದು ನಡೆಯೋ ದೂರ. ಕೂಗೋ ದೂರ ಅಲ್ಲ.”

“ಏಣಿ ಹಾಕ್ತೀನಿ. ಮಗು ಹತ್ತಿ ಇಳೀತದೆ.”

“ಏಣಿ ಮ್ಯಾಪಲ್ಲಿ ಬರಲ್ಲ ಸಾರ್.”

“ಸರಿ. ನಾಳೆ ಬೆಳಿಗ್ಗೆ ಪ್ರೇಯರ್ ಟೈಮಲ್ಲಿ ಸ್ವಲ್ಪ ಕಿವಿ ಕೊಡಿ. ಆಮೇಲೆ ಹೇಳಿ ದೂರವೋ ಹತ್ತಿರವೋ.”

ಅವರು ಅದನ್ನು ಮಾತಿಗೆ ಹೇಳಿದ್ದೆಂದುಕೊಂಡರು. ಪಿಳ್ಳಣ್ಣನನ್ನು ಬಲ್ಲವರು ಯಾರೂ ಹಾಗೆಂದುಕೊಳ್ಳುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಮೈದಾನದಲ್ಲಿ ನಾನ್ನೂರು ಮಕ್ಕಳು ಸಾಲಾಗಿ ನಿಂತಿದ್ದರು. ನಾಡಗೀತೆ ಮುಗಿದಿತ್ತು. ಒಬ್ಬ ಹುಡುಗಿ ಮೈಕಿನ ಮುಂದೆ ಬಂದು ‘ಇಂದಿನ ಚಿಂತನೆ’ ಓದಿದಳು: “ಮಾತು ಬೆಳ್ಳಿ, ಮೌನ ಬಂಗಾರ.”

“ಸಮನ್ವೀಈಈ...!”

ಟೆರೇಸಿನ ಮೇಲಿಂದ ಬಂದ ಆ ಕೂಗಿಗೆ ಮೈಕು ಕೀಂಗುಟ್ಟಿತು. ತೆಂಗಿನಮರದ ಪಾರಿವಾಳಗಳೆಲ್ಲ ಎದ್ದವು. ಆಮೇಲೆ ಹತ್ತನೇ ತರಗತಿಯ ಸಾಲಿನಿಂದ ಒಬ್ಬ “ಓ...” ಎಂದ. ಅಷ್ಟೇ ಸಾಕಾಯಿತು. ನಾನ್ನೂರು ಮಕ್ಕಳೂ ಒಟ್ಟಿಗೆ “ಓ...!” ಎಂದರು. ಪಿಳ್ಳಣ್ಣ ಲುಂಗಿ ಎತ್ತಿ ಕಟ್ಟಿ, ಎರಡೂ ಕೈ ಮೇಲೆತ್ತಿ, ಚುನಾವಣೆ ಗೆದ್ದವನ ಹಾಗೆ ನಿಂತ. ಸಮನ್ವಿತಾ ನೀರಿನ ಟ್ಯಾಂಕಿನ ಹಿಂದೆ ಬಚ್ಚಿಟ್ಟುಕೊಂಡಳು.

ಹತ್ತು ಗಂಟೆಗೆ ಹೆಡ್‌ಮಿಸ್ ಅವರಿಂದ ಫೋನು ಬಂತು. ಪಿಳ್ಳಣ್ಣ ಸೀಟು ಸಿಕ್ಕಿತೆಂದೇ ಹೋದ.

“ಕೇಳಿಸ್ತಾ ಮೇಡಂ?”

“ಬನ್ನೇರುಘಟ್ಟದ ಹುಲಿಗೂ ಕೇಳಿಸಿರುತ್ತೆ. ಆದ್ರೂ ರೂಲ್ಸು ರೂಲ್ಸೇ ಸಾರ್. ಗೇಟಿಂದ ದೂರ.”

“ಗೇಟು, ಗೇಟು! ನಮ್ ಗೋಡೇಲೇ ಒಂದು ಕಬ್ಬಿಣದ ಬಾಗ್ಲಿತ್ತಲ್ಲ ಮೇಡಂ. ತುಕ್ಕು ಹಿಡಿದು ಬಿದ್ದಿದೆ. ಅದೊಂದು ತೆಗೆದಿದ್ರೆ ಇಡೀ ಊರಿನ ಮಕ್ಕಳು ಹತ್ತಿರ ಆಗ್ತಿದ್ರು. ಅದನ್ನ ಮುಚ್ಚಿಸಿದ ಬುದ್ಧಿಗೇಡಿ ಯಾವನು ಅಂತ?”

ಹೆಡ್‌ಮಿಸ್ ಬೀರು ತೆಗೆದು ಹಳೆಯ ಫೈಲೊಂದನ್ನು ಅವನ ಮುಂದಿಟ್ಟರು. ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಅರ್ಜಿ ಬರೆಯುವುದು ಪಿಳ್ಳಣ್ಣನ ಚಟ. ಚರಂಡಿಗೆ, ಬೀದಿದೀಪಕ್ಕೆ, ನಾಯಿಗೆ, ಪಕ್ಕದ ಮನೆಯ ಮಿಕ್ಸಿಗೆ, ಎಲ್ಲಕ್ಕೂ ಅರ್ಜಿ. ಬರೆದದ್ದನ್ನೆಲ್ಲ ನೆನಪಿಟ್ಟುಕೊಂಡರೆ ತಲೆ ಕೆಡುತ್ತದೆಂದು ಮರೆಯುವುದೂ ಅವನ ಅಭ್ಯಾಸ. ಹದಿನಾರು ವರ್ಷದ ಹಿಂದಿನ ಆ ಹಾಳೆಯಲ್ಲಿ ಅವನದೇ ಗುಂಡು ಅಕ್ಷರವಿತ್ತು:

‘ಮಾನ್ಯರೇ, ತಮ್ಮ ಶಾಲೆ ನನ್ನ ಮನೆಗೆ ಕೂಗಳತೆಯಲ್ಲಿದ್ದು, ತಮ್ಮ ಮಕ್ಕಳು ಹಿಂಬಾಗಿಲಿನಿಂದ ನುಗ್ಗಿ ನನ್ನ ಸೀಬೆಮರವನ್ನು ಬೋಳಿಸುತ್ತಿರುತ್ತಾರೆ. ಸದರಿ ಬಾಗಿಲನ್ನು ಮುಚ್ಚಿಸಬೇಕು. ಮಕ್ಕಳು ಸುತ್ತಿಕೊಂಡು ಬರಲಿ. ನಡೆದರೆ ಕಾಲೇನೂ ಸವೆಯುವುದಿಲ್ಲ. ಇಂತಿ, ಪಿಳ್ಳಣ್ಣ.’

ಪಿಳ್ಳಣ್ಣ ಓದಿದ. ಹಾಳೆ ತಿರುಗಿಸಿ ಹಿಂಭಾಗವನ್ನೂ ನೋಡಿದ, ಬೇರೆ ಯಾರದಾದರೂ ಹೆಸರು ಇರಬಹುದೇನೋ ಎಂದು. ಇರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುವ ಗಾದೆ ಇಷ್ಟು ಹತ್ತಿರ ಬಂದು ಕೂತದ್ದು ಅವನ ಆಯಸ್ಸಿನಲ್ಲಿ ಇದೇ ಮೊದಲು.

“ತೆಗೆಯೋಕೆ ಏನ್ ಮಾಡ್ಬೇಕು ಮೇಡಂ?” ಎಂದ. ಆ ದನಿ ಮೇಜಿನ ಆಚೆಗೂ ಸರಿಯಾಗಿ ಕೇಳಿಸಲಿಲ್ಲ.

ಮಾಡಬೇಕಾದದ್ದು ಇಷ್ಟೇ. ಆ ಬಾಗಿಲು ತೆರೆಯುವುದು ಪಿಳ್ಳಣ್ಣನ ಜಾಗಕ್ಕೆ. ಅಲ್ಲಿಂದ ಬೀದಿಗೆ ನಾಲ್ಕಡಿಯ ಸಂದಿ, ಸಂದಿಯ ಮಧ್ಯೆ ಸೀಬೆಮರ. ಆ ಸಂದಿಯನ್ನು ಶಾಲೆಯ ಎಲ್ಲ ಮಕ್ಕಳ ಓಡಾಟಕ್ಕೆ ಬಿಡುತ್ತೇನೆ, ಮುಂದೆ ತಕರಾರು ತೆಗೆಯುವುದಿಲ್ಲ ಎಂದು ಅವನು ಬರೆದುಕೊಟ್ಟರೆ ಶಾಲೆಯ ಸಮಿತಿ ಬಾಗಿಲು ತೆಗೆಸುತ್ತದೆ. ಆಗ ದೂರವನ್ನು ಆ ಬಾಗಿಲಿನಿಂದಲೂ ಅಳೆಯುತ್ತಾರೆ.

ಅರ್ಧ ಅಡಿ ಒತ್ತುವರಿಗೆಂದು ಪಕ್ಕದ ಸೈಟಿನವನ ಮೇಲೆ ಹನ್ನೊಂದು ವರ್ಷ ಕೋರ್ಟಿಗೆ ಅಲೆದವನು ಪಿಳ್ಳಣ್ಣ. ಮನೆಗೆ ಬಂದು ಸೀಬೆಮರದ ಕೆಳಗೆ ಬಹಳ ಹೊತ್ತು ನಿಂತ. ಮರ ಅವನ ಅಪ್ಪ ನೆಟ್ಟದ್ದು, ಹೊಲದಲ್ಲಿ ಉಳಿದದ್ದು ಅದೊಂದೇ. ಮುನಿಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ನೋಡಿದಳು.

“ಮರ ಕೊಡು ಅಂದ್ರಾ?”

“ಇಲ್ಲ. ಮರ ಇರ್ಲಿ, ಕೂಗೋದು ಬಿಡು ಅಂದ್ರು.”

“ಅಯ್ಯೋ ಪಾಪ. ಮರಾನೇ ಕೊಟ್ಬಿಡಬಹುದಿತ್ತು.”

ಅವನು ಬರೆದುಕೊಟ್ಟ. ತುಕ್ಕು ಹಿಡಿದ ಬೀಗ ಒಡೆದರು. ಮ್ಯಾಪಿನಲ್ಲಿ ಪಿಳ್ಳಣ್ಣನ ಮನೆ ಹದಿನೆಂಟು ಮೀಟರಿಗೆ ಬಂತು. ಆದರೆ ಅವನ ಮನೆಯೊಂದೇ ಬರಲಿಲ್ಲ. ಹಳೇ ಊರು, ಹಿಂದಿನ ಬೀದಿ, ಬಾಡಿಗೆ ವಠಾರಗಳೆಲ್ಲ ಒಂದೇ ಏಟಿಗೆ ಕಿಲೋಮೀಟರಿನ ಒಳಗೆ ಬಿದ್ದವು. ಒಂಬತ್ತು ಸೀಟಿಗೆ ಇಪ್ಪತ್ತಾರು ಮಕ್ಕಳು. ಚೀಟಿ ಎತ್ತುವುದೆಂದು ತೀರ್ಮಾನವಾಯಿತು.

ಮೈದಾನದಲ್ಲಿ ಸ್ಟೀಲ್ ಡಬ್ಬಿಯಿಂದ ಚೀಟಿ ಎತ್ತಿದರು. ನಾಲ್ಕನೆಯ ಹೆಸರು ಮಧುಮತಿ. ಗುರುಸಿದ್ದ ಚಂಗನೆ ಎದ್ದವನು, ಯಜಮಾನರ ಮುಖ ನೋಡಿ ಮೆಲ್ಲಗೆ ಕೂತ. ಐದು, ಆರು, ಏಳು. ಎಂಟನೆಯದು ‘ಸ’ ಎಂದು ಶುರುವಾಯಿತು, ಪಿಳ್ಳಣ್ಣ ಅರ್ಧ ಎದ್ದ, ಅದು ‘ಸಚಿನ್’ ಆಯಿತು. ಒಂಬತ್ತನೆಯದೂ ಬೇರೆ. ಆಮೇಲೆ ಕಾಯುವ ಪಟ್ಟಿಗೆ ಎತ್ತಿದ ಮೊದಲ ಚೀಟಿ ಸಮನ್ವಿತಾಳದು.

ಮನೆಗೆ ಬಂದವನೇ ಪಿಳ್ಳಣ್ಣ ಬಿಳಿ ಹಾಳೆ ತೆಗೆದ. ತನ್ನ ಜಾಗ, ತನ್ನ ಮರ, ಊರವರ ಮಕ್ಕಳು ಹೋಗುವುದು, ತನ್ನ ಮೊಮ್ಮಗಳು ವ್ಯಾನಿನಲ್ಲಿ ಕೂರುವುದು! ‘ಮಾನ್ಯರೇ, ಸದರಿ ಬಾಗಿಲನ್ನು’ ಎಂದು ಬರೆದೂ ಆಯಿತು. ಅಷ್ಟರಲ್ಲಿ ಕಿಟಕಿಯ ಹೊರಗೆ ಮಾತು ಕೇಳಿಸಿತು. ಸಂದಿಯಲ್ಲಿ ಸಮನ್ವಿತಾ, ಮಧುಮತಿಗೆ ಕಂಬದ ಹತ್ತಿರ ಹೇಗೆ ತಿರುಗಬೇಕೆಂದು ಸೀಬೆಮರ ಹಿಡಿದು ತೋರಿಸುತ್ತಿದ್ದಳು.

“ಇಲ್ಲಿ ಕೈ ಬಿಗಿಯಾಗಿ ಹಿಡ್ಕೊ. ಬಿದ್ರೆ ಸ್ಕೂಲ್ ಮಾನ ಹೋಗುತ್ತೆ, ಆಮೇಲೆ ನಾನು ಮೇಲಿಂದ ಬೈತೀನಿ.”

“ನೀ ಬರಲಾರ್ದ ನಾ ಹ್ಯಾಂಗ್ ಆಡ್ಲೇ?” ಎಂದು ಮಧುಮತಿ ಅಳುತ್ತಿದ್ದಳು. ಸೀಟು ಸಿಕ್ಕವಳು ಅಳುತ್ತಿದ್ದಳು, ಸಿಗದವಳು ಸಮಾಧಾನ ಮಾಡುತ್ತಿದ್ದಳು.

ಪಿಳ್ಳಣ್ಣನಿಗೆ ನಾಚಿಕೆಯಾಯಿತು. ಹದಿಮೂರು ವರ್ಷದ ಮಗುವಿಗಿರುವ ದೊಡ್ಡತನ ಎಪ್ಪತ್ತೊಂದರ ತನಗಿಲ್ಲವಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು. ಹಾಳೆಯನ್ನು ನಾಲ್ಕಾಗಿ ಮಡಿಚಿ, ಅಲ್ಲಾಡುತ್ತಿದ್ದ ಮೇಜಿನ ಕಾಲಿನ ಕೆಳಗಿಟ್ಟ. ಅವನ ಅರ್ಜಿಗಳಲ್ಲೆಲ್ಲ ಕೊಟ್ಟ ಕೂಡಲೇ ಕೆಲಸ ಆದದ್ದು ಅದೊಂದೇ.

ಆರನೆಯ ದಿನ ಹೆಡ್‌ಮಿಸ್ ಫೋನ್ ಮಾಡಿದರು. ಚೀಟಿ ಬಂದಿದ್ದ ಹುಡುಗನೊಬ್ಬನ ಅಪ್ಪನಿಗೆ ಹುಬ್ಬಳ್ಳಿಗೆ ವರ್ಗವಾಗಿತ್ತು. “ನಿಮ್ಮ ಮೊಮ್ಮಗಳನ್ನ ಕಳ್ಸಿ ಸಾರ್. ಕೂಗ್ಬೇಡಿ, ಸುಮ್ನೆ ಕಳ್ಸಿ” ಎಂದರು. ಪಿಳ್ಳಣ್ಣ ಕೂಗಲಿಲ್ಲ. ಕೂಗಲು ಬಾಯಿ ತೆರೆದರೂ ದನಿ ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ಮುನಿಲಕ್ಷ್ಮಮ್ಮ ಹೆದರಿದ್ದು ಅವತ್ತೇ.

ಹದಿನೆಂಟು ಮೀಟರಿನ ಮಗು ಮೊದಲ ವಾರ ಮೂರು ದಿನ ತಡವಾಗಿ ಹೋಯಿತು. ಬೆಲ್ಲು ಕೇಳಿಸಿದ ಮೇಲೆ ತಲೆ ಬಾಚಿದರಾಯಿತು ಎಂಬ ಧೈರ್ಯ.

ಆಷಾಢ ಕಳೆದು ಸೀಬೆ ಹಣ್ಣಾಯಿತು. ಒಂದು ಮಧ್ಯಾಹ್ನ ಊಟದ ಬೆಲ್ಲಾಗಿ ಐದು ನಿಮಿಷಕ್ಕೆ ಸಂದಿಯಲ್ಲಿ ಎಲೆ ಗದ್ದಲ. ಪಿಳ್ಳಣ್ಣ ಎದ್ದು ಹೋಗಿ ನೋಡಿದರೆ ಕೊಂಬೆ ಕೊಂಬೆಗೂ ಸಮವಸ್ತ್ರ, ಖೋಖೋ ತಂಡ ಪೂರ್ತಿ ಮರದ ಮೇಲಿತ್ತು. ಬರೆದುಕೊಟ್ಟದ್ದೆಲ್ಲ ಮರೆತುಹೋಯಿತು. ಲುಂಗಿ ಎತ್ತಿ ಕಟ್ಟಿದ, ಎದೆ ತುಂಬ ಉಸಿರೆಳೆದುಕೊಂಡ, “ಯಾವಳೇ ಅದೂ...” ಎಂದು ಶುರುಮಾಡಿದ.

ತುದಿಯ ಕೊಂಬೆಯಿಂದ ಬಾಯಿ ತುಂಬ ಹಣ್ಣಿದ್ದ ಮುಖವೊಂದು ಕೆಳಗೆ ಬಗ್ಗಿತು.

“ಶ್... ನಾನೇ ತಾತ. ಕೂಗ್ಬೇಡ, ಸ್ಕೂಲ್ಗೆ ಕೇಳ್ಸುತ್ತೆ.”